ಬಂಡಿದಾರಿ ಹಿಡಿದು ಅರ್ಕಾವತಿಯ ಮೂಲಕ್ಕೆ

*ಶೆಟ್ಟಿಹಳ್ಳಿಯಿಂದ ನಂದಿಬೆಟ್ಟಕ್ಕೆ ಹೆದ್ದಾರಿಯಲ್ಲಿ ಹೋದರೆ ಬೆಟ್ಟ ಸಿಗುತ್ತದೆ. ಕೆರೆ ಏರಿ, ಗದ್ದೆಯ ಬದು, ಹಳೆಯ ಬಂಡಿದಾರಿಗಳಲ್ಲಿ ಗೇರ್ ಸೈಕಲ್ ತುಳಿದು ಹೋದರೆ ನದಿಯೂ ಸಿಗುತ್ತದೆ.*

ಜಾಲಹಳ್ಳಿ ಪಶ್ಚಿಮಕ್ಕೆ ಅಂಟಿಕೊಂಡಿರುವ ಶೆಟ್ಟಿಹಳ್ಳಿಯಲ್ಲಿ ನಿಂತು 'ನಿಮ್ಮೂರಿನ ನದಿ ಯಾವುದು' ಎಂದು ಕೇಳಿ ನೋಡಿ. ಬಹುಪಾಲು ಮಂದಿ ಕಾವೇರಿ ಎನ್ನುತ್ತಾರೆ. ನಲ್ಲಿಯಲ್ಲಿ ಬರುವುದು ಅದೇ ನೀರಾದ್ದರಿಂದ ಆ ಉತ್ತರವನ್ನು ತಪ್ಪೆನ್ನುವಂತಿಲ್ಲ. ಆದರೆ ಇಲ್ಲಿಂದ ಚಿಕ್ಕಬಾಣಾವರ ದಾಟಿ ಹದಿನೈದು ಕಿಲೋಮೀಟರ್ ಆಸುಪಾಸು ಹೋದರೆ ಇನ್ನೊಂದು ನದಿಯ ಪಾತ್ರವಿದೆ. ಒಂದು ಕಾಲಕ್ಕೆ ಇಡೀ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಅರ್ಕಾವತಿ ಅದು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುವ ಈ ನದಿಯ ಉದ್ದ ಸುಮಾರು 190 ಕಿಲೋಮೀಟರ್.

ಕಾರಿನಲ್ಲಿ ಹೋಗುವವರಿಗೆ ಈ ನದಿ ಕಾಣುವುದಿಲ್ಲ. ಸೇತುವೆಯೊಂದನ್ನು ಕ್ಷಣಾರ್ಧದಲ್ಲಿ ದಾಟಿಬಿಟ್ಟರೆ ಮುಗಿಯಿತು. ನಡೆದು ನೋಡೋಣವೆಂದರೆ ದೂರ ಹೆಚ್ಚು. ಈ ಎರಡರ ನಡುವೆ ಒಂದು ಹದವಾದ ವೇಗವಿದೆ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗುತ್ತ, ಬೇಕೆಂದಲ್ಲಿ ಕಾಲೂರಿ ನಿಲ್ಲುತ್ತ, ಏರಿ ಹತ್ತಿ ಕೋಡಿ ಇಳಿಯುತ್ತ ಸಾಗುವ ವೇಗ. ಅದು ಬೆಟ್ಟದ ಸೈಕಲ್ಲಿನದು. ಉತ್ತರ ಬೆಂಗಳೂರಿನಲ್ಲಿ ಭಾನುವಾರದ ಬೆಳಗ್ಗೆ ಗೇರ್ ಸೈಕಲ್ ಏರಿ ಹೊರಡುವವರ ಗುಂಪುಗಳಿಗೆ ಈಗ ಲೆಕ್ಕವಿಲ್ಲ. ಹೆಚ್ಚಿನವರು ಬಳ್ಳಾರಿ ರಸ್ತೆ ಹಿಡಿದು ನಂದಿಬೆಟ್ಟ ಹತ್ತಿ ಇಳಿದು, ಇಡ್ಲಿ ತಿಂದು ಮನೆ ಸೇರುತ್ತಾರೆ. ಅದೇ ಬೆಟ್ಟಕ್ಕೆ ಅರ್ಕಾವತಿಯ ಕಣಿವೆಯ ಒಳಗಿಂದಲೂ ಹೋಗಬಹುದು. ಹಾಗೆ ಹೋದವರಿಗೆ ತಮ್ಮ ನಗರ ಯಾವ ನೀರಿನ ಮೇಲೆ ಬೆಳೆಯಿತು, ಆ ನೀರು ಎಲ್ಲಿ ನಿಂತುಹೋಯಿತು ಎಂಬುದು ಪುಸ್ತಕವಿಲ್ಲದೆಯೇ ತಿಳಿಯುತ್ತದೆ.

ನೀರು ಬಂದ ದಾರಿಯಲ್ಲಿ

ಶೆಟ್ಟಿಹಳ್ಳಿಯಿಂದ ಹೊರಟರೆ ಮೊದಲು ಸಿಗುವುದು ಚಿಕ್ಕಬಾಣಾವರ, ಆಮೇಲೆ ಸೋಲದೇವನಹಳ್ಳಿ. ಕಾಲೇಜು, ಲೇಔಟು, ಮರಳು ಲಾರಿಗಳ ನಡುವೆ ಈ ಊರಿನ ಹಿರಿಮೆ ಈಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ಮೊದಲ ನಲ್ಲಿ ನೀರು ಈ ಊರಿನ ಮೂಲಕವೇ ಬಂತು.

ಅದಕ್ಕೂ ಮೊದಲು ಪೇಟೆಯ ಜನ ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳನ್ನೂ ಮನೆ ಬಾವಿಗಳನ್ನೂ ನಂಬಿದ್ದರು. ಊರು ಬೆಳೆದಂತೆ ಅವು ಸಾಲದಾದವು, ಕೊಳೆತವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಬಳಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟೆ ಎದ್ದಿತು. 1896ರಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಹೆಸರಿನಲ್ಲಿ ನಗರಕ್ಕೆ ನೀರು ಹರಿಯಿತು. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ನೀರಿಗೆ ಯಂತ್ರದ ಹಂಗಿರಲಿಲ್ಲ. ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಹರಿದು ಬರುತ್ತಿತ್ತು. ಇಲ್ಲಿ ಉಗಿಯಂತ್ರಗಳು ಅದನ್ನು ಮೇಲೆತ್ತಿ ಮಲ್ಲೇಶ್ವರದ ಶುದ್ಧೀಕರಣ ಘಟಕಕ್ಕೆ ತಳ್ಳುತ್ತಿದ್ದವು.

ತರಬನಹಳ್ಳಿಯ ಬಳಿ ತಗ್ಗನ್ನು ದಾಟಿಸಲು ಆ ಕಾಲುವೆಯನ್ನು ಕಮಾನುಗಳ ಮೇಲೆ ಹೊತ್ತೊಯ್ದಿದ್ದಾರೆ. ಇಟ್ಟಿಗೆಯ ಆ ಮೇಲ್ಗಾಲುವೆಯ ಮುಂದೆ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಬೇಕು. ಕಮಾನಿನ ಕೆಳಗೆ ನೆಲ ಎಷ್ಟು ತಗ್ಗಿದೆ, ಮೇಲಿನ ಕಾಲುವೆ ಎಷ್ಟು ಸಮನಾಗಿ ಸಾಗಿದೆ ಎಂಬುದು ಗಮನಕ್ಕೆ ಬರುತ್ತದೆ. ನೆಲದ ಏರಿಳಿತವನ್ನು ಕಾಲಿನಲ್ಲಿ ಅಳೆದುಕೊಂಡು ಬಂದ ಸೈಕಲ್ ಸವಾರನಿಗೆ ಆ ಕಟ್ಟಡದ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಈ ದಾರಿಯಲ್ಲಿ ನಾವು ಹತ್ತುವುದನ್ನೇ ನೀರು ಇಳಿದು ಬಂದಿದೆ.

ಬೆಟ್ಟದ ಸೈಕಲ್ಲು ಬಂದ ಬಗೆ

ಉತ್ತರ ಬೆಂಗಳೂರಿಗೆ ಸೈಕಲ್ ಹೊಸದಲ್ಲ. ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 1950ರ ದಶಕದಲ್ಲಿ ಜಾಲಹಳ್ಳಿಯಲ್ಲಿ ಬೇರೂರಿದ ಮೇಲೆ ಸುತ್ತಲ ಹಳ್ಳಿಗಳಿಂದ ಕಾರ್ಮಿಕರು ಪಾಳಿಗೆ ಬರುತ್ತಿದ್ದುದು ಸೈಕಲ್ಲಿನಲ್ಲೇ. ಹಿಂದಿನ ಕ್ಯಾರಿಯರಿಗೆ ಊಟದ ಡಬ್ಬಿ, ಹ್ಯಾಂಡಲಿಗೆ ಸೊಪ್ಪಿನ ಚೀಲ, ಎರಡೂ ಬದಿಗೆ ಹಾಲಿನ ಕ್ಯಾನು. ಅಟ್ಲಾಸ್, ಹೀರೋಗಳ ಆ ಗಟ್ಟಿ ಸೈಕಲ್ಲುಗಳು ಇದೇ ಬಂಡಿದಾರಿಗಳಲ್ಲಿ ಓಡಾಡಿದವು. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹೆಣ್ಣುಮಕ್ಕಳೂ ಸಾಲುಸಾಲಾಗಿ ಪ್ರೌಢಶಾಲೆಗೆ ತುಳಿದುಕೊಂಡು ಹೋದರು.

ಬೆಟ್ಟಕ್ಕೆಂದೇ ಮಾಡಿದ ಸೈಕಲ್ಲಿನ ಕಥೆ ಬೇರೆ. ಅದು ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಮರಿನ್ ಕೌಂಟಿಯ ಹುಡುಗರು 1970ರ ದಶಕದಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣಿನ ದಾರಿಯಲ್ಲಿ ಓಡಿಸಿ ಪಂದ್ಯ ಕಟ್ಟುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಶುರುವಾದ ಅವರ 'ರಿಪ್ಯಾಕ್' ಪಂದ್ಯಕ್ಕೆ ಆ ಹೆಸರು ಬರಲು ಕಾರಣವಿದೆ. ಒಂದು ಸಲ ಇಳಿದರೆ ಬ್ರೇಕಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ಹೊಸದಾಗಿ ತುಂಬಬೇಕಿತ್ತು. ಹಳೆಯ ಸೈಕಲ್ ತಾಳದೆಂದು ಅವರಲ್ಲೊಬ್ಬರಾದ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಅಂಗಡಿಗಳಿಗೆ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬೆಟ್ಟದ ಸೈಕಲ್ ಸವಾರಿ ಒಂದು ಕ್ರೀಡೆಯೂ ಆಯಿತು.

ಈ ಸೈಕಲ್ಲಿನ ಗುಟ್ಟು ಅದರ ಗೇರಿನಲ್ಲಿದೆ. ಹಳೆಯ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಎರಡು ಸುತ್ತಿಗೂ ಹೆಚ್ಚು ತಿರುಗುತ್ತದೆ. ಸಮತಟ್ಟು ರಸ್ತೆಗೆ ಅದು ಚೆನ್ನ, ಏರಿಗೆ ಭಾರ. ಈಗಿನ ಬೆಟ್ಟದ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 32 ಹಲ್ಲಿನ ಚಕ್ರ ಒಂದೇ. ಹಿಂದೆ ಹನ್ನೆರಡು ಚಕ್ರಗಳ ಸಾಲಿನಲ್ಲಿ ದೊಡ್ಡದಕ್ಕೆ 51 ಹಲ್ಲು. ಸರಪಳಿಯನ್ನು ಆ ದೊಡ್ಡ ಚಕ್ರಕ್ಕೆ ಏರಿಸಿದರೆ ಪೆಡಲ್ ಒಂದು ಸುತ್ತು ಬಂದರೂ ಗಾಲಿ ಮುಕ್ಕಾಲು ಸುತ್ತೂ ತಿರುಗದು. ನಿಧಾನವಾದರೂ ಕಾಲಿಗೆ ಹಗುರ. ಕಲ್ಲುಬಂಡೆಯ ಏರಿನಲ್ಲಿ ಉಸಿರು ಉಳಿಯುವುದು ಇದರಿಂದ. ಇದರ ಜೊತೆಗೆ ಎರಡು ಇಂಚಿಗೂ ಹೆಚ್ಚು ಅಗಲದ ಉಬ್ಬುಗಚ್ಚಿನ ಟೈರು, ಮುಂದಿನ ಫೋರ್ಕಿನಲ್ಲಿ ಕುಲುಕಾಟ ನುಂಗುವ ಸಸ್ಪೆನ್ಷನ್, ಒಂದು ಬೆರಳಿನಲ್ಲಿ ಹಿಡಿದರೆ ನಿಲ್ಲುವ ಡಿಸ್ಕ್ ಬ್ರೇಕು.

ಬೆಂಗಳೂರಿನವರು ಇದನ್ನು ಪಳಗಿಸಿಕೊಂಡದ್ದು ಎರಡು ಕಾಡುಗಳಲ್ಲಿ. ದಕ್ಷಿಣಕ್ಕೆ ತುರಹಳ್ಳಿ, ಉತ್ತರಕ್ಕೆ ಯಲಹಂಕ ದಾಟಿ ಸಿಗುವ ಅವಲಹಳ್ಳಿ. ನೀಲಗಿರಿ ತೋಪಿನ ನಡುವೆ ತಿರುತಿರುಗಿ ಸಾಗುವ ಅವಲಹಳ್ಳಿಯ ಕಿರುದಾರಿಯಲ್ಲಿ ತಿರುವು ಹೇಗೆ ತೆಗೆಯಬೇಕು, ಇಳಿಜಾರಿನಲ್ಲಿ ಮೈಭಾರವನ್ನು ಹೇಗೆ ಹಿಂದಕ್ಕೆ ಸರಿಸಬೇಕು ಎಂದು ಕಲಿತವರು ಬಹಳ. ತುರಹಳ್ಳಿಯನ್ನು ವೃಕ್ಷೋದ್ಯಾನ ಮಾಡುವ ಮಾತು 2021ರಲ್ಲಿ ಎದ್ದಾಗ ಕಾಡು ಕಾಡಾಗಿಯೇ ಇರಲಿ ಎಂದು ನಾಗರಿಕರು ಗಟ್ಟಿಯಾಗಿ ವಿರೋಧಿಸಿದರು. ಅವರಲ್ಲಿ ಸೈಕಲ್ ಸವಾರರೂ ಇದ್ದರು. ತುಳಿದ ನೆಲದ ಮೇಲೆ ಹುಟ್ಟುವ ಕಾಳಜಿ ಅದು. ಅರ್ಕಾವತಿ ಕಣಿವೆಗೆ ಈಗ ಬೇಕಾಗಿರುವುದೂ ಅಂಥ ಕಾಳಜಿಯೇ.

ಹುಲ್ಲುಗಾವಲಿನ ಅಂಚಿನಲ್ಲಿ

ಹೆಸರಘಟ್ಟ ಎಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮ. ರೈತರಿಗೆ ನೆನಪಾಗುವುದು 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಅರ್ಕಾ ರಕ್ಷಕ್ ಟೊಮೆಟೊ, ಅರ್ಕಾ ಅನಾಮಿಕಾ ಬೆಂಡೆ ಎಂದು ನಾಡಿನ ತುಂಬ ಹರಡಿದ ಅಲ್ಲಿನ ತಳಿಗಳಿಗೆಲ್ಲ ಪಕ್ಕದ ನದಿಯ ಹೆಸರೇ. ಇವುಗಳ ನಡುವೆ ಕೆರೆಯ ಒಡಲಿಗೆ ತಾಗಿಕೊಂಡು ಒಂದು ಹುಲ್ಲುಗಾವಲಿದೆ. ಬೆಂಗಳೂರಿನ ಸುತ್ತಮುತ್ತ ಇಷ್ಟು ದೊಡ್ಡ ಹುಲ್ಲು ಬಯಲು ಬೇರೆಲ್ಲೂ ಉಳಿದಿಲ್ಲ.

ಬಯಲಿನಲ್ಲಿ ಮರವಿಲ್ಲದ್ದರಿಂದ ಅದನ್ನು ಬೀಳುಭೂಮಿ ಎಂದು ಎಣಿಸಿದವರೇ ಹೆಚ್ಚು. ಆದರೆ ಮಳೆನೀರು ನೆಲಕ್ಕಿಳಿದು ಕೆರೆ ಸೇರುವುದು ಈ ಹುಲ್ಲಿನ ಬೇರುಗಳ ನಡುವಿನಿಂದ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲುತ್ತ ಇಲಿ, ಮಿಡತೆ ಹುಡುಕುವುದು ಇಲ್ಲೇ. ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬೇಕೆಂಬ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ಪರಿಸರದ ಪರ ನಿಂತವರು ಬಿಡದೆ ಹೋರಾಡಿದ ಮೇಲೆ 2024ರಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು.

ಇಲ್ಲಿ ಸೈಕಲ್ ಸವಾರನಿಗೆ ಒಂದು ನಿಯಮವಿರಬೇಕು. ಬಯಲು ಎಷ್ಟೇ ಕರೆದರೂ ಹುಲ್ಲಿನ ಮೇಲೆ ಗಾಲಿ ಇಳಿಸಬಾರದು. ನೆಲಗುಬ್ಬಿ, ಟಿಟ್ಟಿಭಗಳು ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ಅವುಗಳ ಮೊಟ್ಟೆ ಉರುಟು ಕಲ್ಲಿನ ಬಣ್ಣದ್ದಾದ್ದರಿಂದ ಸೈಕಲ್ಲಿನ ಮೇಲೆ ಕುಳಿತವನಿಗೆ ಕಾಣುವುದೇ ಇಲ್ಲ. ಅಂಚಿನ ಮಣ್ಣುರಸ್ತೆಯಲ್ಲಿ ಹೋದರೆ ಸಾಕು. ಬೆಳಗಿನ ಆರೂವರೆಗೆ ಮಂಜು ಇನ್ನೂ ನೆಲ ಬಿಟ್ಟಿರುವುದಿಲ್ಲ, ನೋಟವೆಲ್ಲ ಆ ಅಂಚಿನಿಂದಲೇ ಸಿಗುತ್ತದೆ.

ಏರಿ, ತೂಬು, ಕೋಡಿ

ಹೆಸರಘಟ್ಟದಿಂದ ಬಡಗಣಕ್ಕೆ ಬ್ಯಾತ, ಕಾಕೋಳು ಕಡೆಗೆ ತಿರುಗಿದರೆ ನಿಜವಾದ ಬಂಡಿದಾರಿ ಶುರುವಾಗುತ್ತದೆ. ಎರಡು ಗಾಲಿಗಳ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಜಾಡಿನಲ್ಲಿ ಇಳಿದರೆ ಪೆಡಲ್ ದಿಬ್ಬಕ್ಕೆ ತಾಗುತ್ತದೆ, ದಿಬ್ಬದ ಮೇಲೆ ಹೋದರೆ ಹುಲ್ಲಿನಡಿಯ ಕಲ್ಲು ಕುಲುಕುತ್ತದೆ. ಅನುಭವಿಗಳು ದಿಬ್ಬವನ್ನೇ ಆರಿಸುತ್ತಾರೆ. ಕಣ್ಣು ಮುಂದಿನ ಗಾಲಿಯ ಮೇಲಿರದೆ ಮೂರು ನಾಲ್ಕು ಮಾರು ಮುಂದಿರಬೇಕು. ಕಲ್ಲನ್ನು ನೋಡುತ್ತ ಹೋದರೆ ಗಾಲಿ ಕಲ್ಲಿಗೇ ಹೋಗುತ್ತದೆ. ದಾರಿ ನೋಡಿದರೆ ದಾರಿಗೆ ಹೋಗುತ್ತದೆ. ಮರಳು ತುಂಬಿದ ಹಳ್ಳ ಬಂದರೆ ಮೊದಲೇ ಹಗುರ ಗೇರಿಗೆ ಇಳಿದು, ಹ್ಯಾಂಡಲ್ ಬಿಗಿ ಹಿಡಿಯದೆ, ತುಳಿಯುವುದನ್ನು ನಿಲ್ಲಿಸದೆ ದಾಟಬೇಕು.

ಕೆರೆ ಏರಿಯ ಮೇಲಿನ ಸವಾರಿ ಈ ಕಣಿವೆಯ ಅತ್ಯುತ್ತಮ ಭಾಗ. ಒಂದು ಬದಿಗೆ ನೀರಿನ ಅಂಗಳ, ಇನ್ನೊಂದು ಬದಿಗೆ ತಗ್ಗಿನಲ್ಲಿ ಅಚ್ಚುಕಟ್ಟು, ನಡುವೆ ಎರಡು ಮಾರು ಅಗಲದ ಮಣ್ಣಿನ ಹಾದಿ. ಏರಿಯ ಒಳಮೈಗೆ ಕಲ್ಲು ಹೊದಿಸಿರುತ್ತಾರೆ, ಹೊರಮೈಯಲ್ಲಿ ಹೊಂಗೆ, ಹುಣಸೆ. ನಡುಭಾಗದಲ್ಲಿ ಎರಡು ಕಲ್ಲುಕಂಬ ನೆಟ್ಟ ತೂಬು. ಅದರ ಮುಚ್ಚಳವನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದವನು ಊರ ನೀರುಗಂಟಿ. ಏರಿಯ ತುದಿಯಲ್ಲಿ ಕೋಡಿ. ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚಿನ ನೀರು ಅಲ್ಲಿಂದ ಹಳ್ಳಕ್ಕಿಳಿದು ಕೆಳಗಿನೂರಿನ ಕೆರೆಗೆ ಹೋಗುತ್ತದೆ. ಏರಿಯ ಮೇಲೆ ಎಲ್ಲಾದರೂ ಒಂದು ಗಂಗಮ್ಮನ ಗುಡಿ ಇದ್ದೇ ಇರುತ್ತದೆ. ಕೆರೆ ತುಂಬಿದ ವರ್ಷ ಊರೆಲ್ಲ ಸೇರಿ ಬಾಗಿನ ಬಿಡುವುದು, ಕೆರೆಗೆ ತೆಪ್ಪ ಬಿಡುವುದು ಇಲ್ಲೇ.

ಒಂದು ಏರಿಯಿಂದ ಇನ್ನೊಂದು ಏರಿಗೆ ಕೋಡಿಹಳ್ಳದ ದಡ ಹಿಡಿದು ಹೋಗುವುದು ಸೈಕಲ್ ಸವಾರನ ಸಹಜ ದಾರಿ. ಅರ್ಕಾವತಿ ಹರಿದದ್ದೂ ಹಾಗೆಯೇ. ಮಲೆನಾಡಿನ ನದಿಗಳ ಹಾಗೆ ಒಂದೇ ಪಾತ್ರದಲ್ಲಿ ಧುಮ್ಮಿಕ್ಕದೆ, ಕೆರೆಯಿಂದ ಕೆರೆಗೆ ಕೋಡಿ ಬೀಳುತ್ತ ಬಂದ ನದಿ ಇದು. ನದಿ ಬತ್ತಿತು ಎಂದರೆ ಇಲ್ಲಿ ಕೆರೆಗಳು ಕೋಡಿ ಬೀಳುವುದನ್ನು ನಿಲ್ಲಿಸಿದವು ಎಂದೇ ಅರ್ಥ.

ಊರೊಳಗೆ ಹಾದು

ಬಂಡಿದಾರಿಗಳ ಒಳ್ಳೆಯ ಗುಣವೆಂದರೆ ಅವು ಊರನ್ನು ಬಳಸಿ ಹೋಗದೆ ಊರ ನಡುವೆಯೇ ಹಾಯುತ್ತವೆ. ಬೆಳಗ್ಗೆ ಏಳರ ಹೊತ್ತಿಗೆ ಊರು ಹೊಕ್ಕರೆ ಹಾಲಿನ ಡೈರಿಯ ಮುಂದೆ ಸ್ಟೀಲ್ ಕ್ಯಾನು, ತಂಬಿಗೆ ಹಿಡಿದವರ ಸಾಲು. ಅಳತೆ, ಫ್ಯಾಟ್ ಪರೀಕ್ಷೆ, ಪಾಸ್‌ಬುಕ್ಕಿಗೆ ಬರೆಸುವುದು ಎಲ್ಲ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬಯಲುಸೀಮೆಯ ಈ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷವೂ ಒಲೆ ಉರಿಸುವುದು ಈ ಹಾಲಿನ ದುಡ್ಡು. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರು ಹೆಲ್ಮೆಟ್ಟಿನವರನ್ನು ಕಂಡರೆ ಮಾತಾಡಿಸದೆ ಬಿಡುವುದಿಲ್ಲ.

'ಯಾವೂರಪ್ಪ?'

'ಶೆಟ್ಟಿಹಳ್ಳಿ ತಾತ, ಜಾಲಹಳ್ಳಿ ಹತ್ರ.'

'ಅಲ್ಲಿಂದ ತುಳ್ಕೊಂಡೇ ಬಂದ್ರಾ? ಕೂತ್ಕಳಿ, ಮೊದ್ಲು ನೀರು ಕುಡೀರಿ.'

ಹೀಗೆ ಶುರುವಾದ ಮಾತು ಸೈಕಲ್ಲಿನ ಬೆಲೆಗೆ ಬಂದು, ಅಲ್ಲಿಂದ ಮಳೆ, ಬೋರ್‌ವೆಲ್ಲಿನ ಆಳಕ್ಕೆ ಇಳಿಯುತ್ತದೆ. ಆಳದ ಲೆಕ್ಕ ಬಂದ ಕೂಡಲೇ ದನಿ ತಗ್ಗುತ್ತದೆ. ಈ ಕಣಿವೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯ ಮಾತು ಈಗ ಯಾರಿಗೂ ಅಚ್ಚರಿಯಲ್ಲ.

ಕಾಲಕ್ಕೆ ತಕ್ಕಂತೆ ಹಾದಿಯೂ ಬದಲಾಗುತ್ತದೆ. ಆಷಾಢ, ಶ್ರಾವಣದಲ್ಲಿ ರಾಗಿ ಪೈರಿನ ನಡುವೆ ಕೆಮ್ಮಣ್ಣು ಟೈರಿಗೆ ಮೆತ್ತಿಕೊಳ್ಳುತ್ತದೆ. ಮಾರ್ಗಶಿರದ ಹೊತ್ತಿಗೆ ಹೊಲದ ಸಾಲುಗಳಲ್ಲಿ ಅವರೆ ಹೂವು, ಗಾಳಿಯಲ್ಲಿ ಸೊಗಡು. ರಾಗಿ ಕೊಯ್ಲಾದ ಮೇಲೆ ಕಣವಿಲ್ಲದವರು ರಸ್ತೆಯಲ್ಲೇ ತೆನೆ ಹರಡಿರುತ್ತಾರೆ. ಸೈಕಲ್ಲಿನವನು ಅದರ ಮೇಲೆ ಹಾಯ್ದರೆ ಜಾರಿ ಬೀಳುವುದು ಖಂಡಿತ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗುವುದು ಕ್ಷೇಮವೂ ಹೌದು, ಮರ್ಯಾದೆಯೂ ಹೌದು. ಮುಂದೆ ದೊಡ್ಡಬಳ್ಳಾಪುರ ಸಮೀಪಿಸಿದಂತೆ ದ್ರಾಕ್ಷಿ ಚಪ್ಪರಗಳು ಕಾಣುತ್ತವೆ. ಭೌಗೋಳಿಕ ಸೂಚ್ಯಂಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಸೀಮೆ ಇದು. ಪಟ್ಟಣದ ಬೀದಿಗಳಲ್ಲಿ ಹಾದರೆ ಮನೆಮನೆಯಿಂದ ವಿದ್ಯುತ್ ಮಗ್ಗಗಳ ಸದ್ದು. ಬಾಗಿಲ ಸಂದಿಯಲ್ಲಿ ಕಂಡ ಸೀರೆಯ ಅಂಚು ಸೈಕಲ್ ದಾಟುವಷ್ಟರಲ್ಲಿ ಒಂದು ಗೇಣು ಬೆಳೆದಿರುತ್ತದೆ.

ನೀಲಗಿರಿಯ ನೆರಳು

ಇಲ್ಲಿಯವರೆಗಿನ ದಾರಿಯಲ್ಲಿ ಏರಿ, ತೂಬು, ಕೋಡಿ ಎಲ್ಲ ಸಿಕ್ಕರೂ ಹರಿಯುವ ನೀರು ಮಾತ್ರ ಅಪರೂಪ. ದೊಡ್ಡ ಮಳೆಯ ವರ್ಷ ಬಿಟ್ಟರೆ ಹಳ್ಳಗಳಲ್ಲಿ ಜಾಲಿ, ಲಂಟಾನವೇ. ಹೆಸರಘಟ್ಟ 1920ರ ದಶಕದ ಬರದಲ್ಲೇ ಕೈಕೊಟ್ಟಿತ್ತು. ಆಗ ಸರ್ ಎಂ. ವಿಶ್ವೇಶ್ವರಯ್ಯ ನೇತೃತ್ವದ ಸಮಿತಿಯ ಸಲಹೆಯಂತೆ ಅರ್ಕಾವತಿ, ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಕಟ್ಟಿದರು. ಕೊನೆಗೆ ಅದೂ ಸಾಲದೆ 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂತು. ಕಾವೇರಿ ಬಂದ ಮೇಲೆ ಅರ್ಕಾವತಿಯನ್ನು ನೆನೆಯುವವರು ಕಡಿಮೆಯಾದರು.

ನದಿ ಏಕೆ ಬತ್ತಿತು ಎಂದು ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಸಂಶೋಧಕರು ಹುಡುಕಿದರು. 2015ರಲ್ಲಿ ಹೊರಬಂದ ಅವರ ಅಧ್ಯಯನ ಮಳೆ ಕಡಿಮೆಯಾದದ್ದನ್ನಾಗಲಿ ಹವಾಮಾನದ ಬಿಸಿಯನ್ನಾಗಲಿ ಮುಖ್ಯ ಕಾರಣವೆಂದು ಹೇಳಲಿಲ್ಲ. ಅಂತರ್ಜಲವನ್ನು ಮೇಲೆತ್ತಿದ ಪರಿ ಮತ್ತು ಹಬ್ಬಿದ ನೀಲಗಿರಿ ತೋಪುಗಳತ್ತ ಅದು ಬೆರಳು ತೋರಿತು. ಬೋರ್‌ವೆಲ್ ನೆಲದಡಿಯ ನೀರನ್ನು ಬರಿದು ಮಾಡಿತು. ಆಳಕ್ಕೆ ಬೇರಿಳಿಸುವ ನೀಲಗಿರಿ, ಮಣ್ಣಿಗೆ ಇಳಿದ ನೀರು ಮತ್ತೆ ಹಳ್ಳಕ್ಕೆ ಒಸರದಂತೆ ಹೀರಿತು. ಮಳೆ ಬಂದರೂ ಹಳ್ಳ ಹರಿಯದೆ ಹೋಯಿತು.

ನೀಲಗಿರಿ ಈ ನಾಡಿಗೆ ಮೊದಲು ಬಂದದ್ದು ನಂದಿಬೆಟ್ಟಕ್ಕೇ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ಬೆಟ್ಟದ ಅರಮನೆ ತೋಟದಲ್ಲಿ ಅದನ್ನು ನೆಡಿಸಿದರೆನ್ನುತ್ತಾರೆ. ಅಲ್ಲಿಂದ ಹಬ್ಬಿದ ತಳಿಗೆ ದೇಶದಾದ್ಯಂತ 'ಮೈಸೂರು ಗಮ್' ಎಂದೇ ಹೆಸರಾಯಿತು. ನದಿ ಹುಟ್ಟುವ ಬೆಟ್ಟದಿಂದಲೇ ಇಳಿದ ಮರ ಮುಂದೆ ನದಿಯ ನೀರನ್ನೂ ಕುಡಿಯಿತು. ಕೂಲಿಯಾಳು ಸಿಗದ, ಮಳೆ ನೆಚ್ಚಲಾಗದ ರೈತ ಹೊಲಕ್ಕೆ ನೀಲಗಿರಿ ಹಾಕಿ ಪಟ್ಟಣಕ್ಕೆ ಕೆಲಸಕ್ಕೆ ಹೋದದ್ದನ್ನು ತಪ್ಪೆನ್ನಲಾಗದು. ಅವನಿಗೆ ಬೇರೆ ದಾರಿಯನ್ನು ಯಾರೂ ತೋರಲಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದ ಬೊಡ್ಡೆಯಿಂದ ಮತ್ತೆ ಚಿಗುರುವ ಮರವಾದ್ದರಿಂದ ಹಳೆಯ ತೋಪುಗಳು ಹಾಗೇ ನಿಂತಿವೆ. ಅವುಗಳ ನಡುವೆ ಸೈಕಲ್ ತುಳಿಯುವುದು ಹಿತವೇ. ಒಣಗಿದ ಎಲೆ ಗಾಲಿಯಡಿ ಚರಚರ ಎನ್ನುತ್ತದೆ, ನೆರಳು ತಂಪಾಗಿರುತ್ತದೆ. ಆದರೆ ಆ ನೆರಳಿನಲ್ಲಿ ಹುಲ್ಲು ಹುಟ್ಟುವುದಿಲ್ಲ.

ಇನ್ನೊಂದು ಕಷ್ಟ ನೀರು ಹರಿಯುವ ಕಡೆಯೇ ಇದೆ. ದೊಡ್ಡಬಳ್ಳಾಪುರದ ಕೆಳಗಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಕೊಳಚೆ, ಕೈಗಾರಿಕೆಗಳ ತ್ಯಾಜ್ಯ ಸೇರುತ್ತಿದೆ ಎಂದು ಹಳ್ಳಿಗರು ವರ್ಷಗಳಿಂದ ಧರಣಿ, ಪಾದಯಾತ್ರೆ ಮಾಡುತ್ತ ಬಂದಿದ್ದಾರೆ. ಏರಿಯ ಮೇಲೆ ನಿಂತರೆ ಅವರ ಮಾತಿಗೆ ಬೇರೆ ಪುರಾವೆ ಬೇಡ, ಮೂಗೇ ಸಾಕು.

ಘಾಟಿ, ಮಾಕಳಿ, ನಂದಿ

ದೊಡ್ಡಬಳ್ಳಾಪುರ ದಾಟಿದ ಮೇಲೆ ನೆಲ ಏಳತೊಡಗುತ್ತದೆ. ತೂಬಗೆರೆ ಹೋಬಳಿಯ ಹಾದಿಗಳಲ್ಲಿ ಬಲಕ್ಕೆ ನಂದಿಯ ಸಾಲು, ಎಡಕ್ಕೆ ಮಾಕಳಿದುರ್ಗ. ಕಣಿವೆ ಇಲ್ಲಿ ಕಿರಿದಾಗುತ್ತ ಬಂದು ಹಾಸುಬಂಡೆಗಳು ಮೇಲೇಳುತ್ತ ಹೋಗುತ್ತವೆ. ಬಂಡೆ ಒಣಗಿದ ದಿನ ಅದರ ಮೇಲೆ ಟೈರು ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಮಳೆ ಬಿದ್ದ ದಿನ ಪಾಚಿಯ ಮೇಲೆ ಕ್ಷಣವೂ ನಿಲ್ಲದು.

ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮೂರ್ತಿಯನ್ನು ಕನ್ನಡಿಯಲ್ಲಿ ನೋಡಬೇಕು. ಪುಷ್ಯ ಮಾಸದ ರಥೋತ್ಸವದ ಹೊತ್ತಿಗೆ ಇಲ್ಲಿ ಸೇರುವ ದನಗಳ ಜಾತ್ರೆಗೆ ಆಂಧ್ರ, ತಮಿಳುನಾಡುಗಳಿಂದಲೂ ಕೊಳ್ಳುವವರು ಬರುತ್ತಾರೆ. ಕೊಂಬಿಗೆ ಹಿತ್ತಾಳೆ ಕಳಶ ತೊಟ್ಟ ಹಳ್ಳಿಕಾರ್ ಜೋಡಿಗಳನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾವು ಬಂದ ಬಂಡಿದಾರಿಗಳನ್ನು ಮಾಡಿದವು ಈ ಎತ್ತುಗಳೇ.

ಕೊನೆಯ ಏರು ನಂದಿಯದು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟ. ಶೆಟ್ಟಿಹಳ್ಳಿಯಿಂದ ಇಲ್ಲಿಗೆ ಸುಮಾರು ಅರವತ್ತು ಕಿಲೋಮೀಟರ್, ಸೈಕಲ್ ಏರಿದ ಎತ್ತರ ಅರ್ಧ ಕಿಲೋಮೀಟರಿಗೂ ಹೆಚ್ಚು. ಅಂಕುಡೊಂಕಿನ ಈ ರಸ್ತೆಯಲ್ಲಿ ಆತುರ ಪಟ್ಟವರು ಅರ್ಧದಾರಿಗೆ ಸೋಲುತ್ತಾರೆ. ಆರಂಭದಿಂದಲೇ ಹಗುರ ಗೇರಿನಲ್ಲಿ, ಮಾತಾಡಲು ಸಾಧ್ಯವಾಗುವಷ್ಟು ಉಸಿರು ಉಳಿಸಿಕೊಂಡು ತುಳಿದವರು ತಲುಪುತ್ತಾರೆ. ಮೇಲೆ ನಿಂತರೆ ನೀರಿನ ಪಾಲುಪಟ್ಟಿಯೇ ಕಣ್ಣಮುಂದೆ. ಬಡಗಣಕ್ಕೆ ಬಿದ್ದ ಮಳೆ ಉತ್ತರ ಪಿನಾಕಿನಿಯಾಗಿ ಗೌರಿಬಿದನೂರು ಹಾದು ಆಂಧ್ರಕ್ಕೆ. ಮೂಡಣದ ನೀರು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ. ಪಡುವಣದ ಇಳಿಜಾರಿನದು ಅರ್ಕಾವತಿಯಾಗಿ, ನಾವು ಬಂದ ಹಾದಿಯಲ್ಲೇ ತಿರುಗಿ, ಕಾವೇರಿಗೆ.

ಹೊರಡುವವರಿಗೆ

ಬೆಳಗಿನ ಐದೂವರೆಗೆ ಹೊರಟರೆ ಬಿಸಿಲೇರುವ ಮೊದಲು ದೊಡ್ಡಬಳ್ಳಾಪುರ ಸಿಗುತ್ತದೆ. ಹೊಸಬರು ಹೆಸರಘಟ್ಟದವರೆಗೆ ಹೋಗಿ ಬಂದರೆ ಸಾಕು, ಅದೇ ಮೂವತ್ತು ಕಿಲೋಮೀಟರ್. ಇಡೀ ದಾರಿ ಒಂದೇ ದಿನ ಹೋಗಿ ಬರುವುದು ಪಳಗಿದವರಿಗೆ ಮಾತ್ರ. ಈ ಕಣಿವೆಯಲ್ಲಿ ಜಾಲಿಮುಳ್ಳು ದಂಡಿಯಾಗಿದೆ. ಎರಡು ಟ್ಯೂಬು, ಪಂಚರ್ ಕಿಟ್ಟು, ಪಂಪು ಇಲ್ಲದೆ ಹೊರಡಬಾರದು. ಟ್ಯೂಬ್‌ಲೆಸ್ ಟೈರಿದ್ದರೆ ಒಳಗೆ ಸೀಲೆಂಟ್ ಇದೆಯೇ ನೋಡಿಕೊಳ್ಳಬೇಕು. ಹೆಲ್ಮೆಟ್ ಕಡ್ಡಾಯ. ಎರಡು ಬಾಟಲಿ ನೀರು, ಒಂದಿಷ್ಟು ಕಡಲೆಮಿಠಾಯಿ, ಬಾಳೆಹಣ್ಣು ಜೊತೆಗಿರಲಿ. ಒಬ್ಬರೇ ಹೋಗುವುದಕ್ಕಿಂತ ಮೂವರು ನಾಲ್ವರು ಸೇರಿ ಹೋಗುವುದು ಲೇಸು. ಹೊಲದ ಬದುವಿನ ಮೇಲೆ ಹಾಯುವ ಮುನ್ನ ಅಲ್ಲಿ ಕೆಲಸದಲ್ಲಿರುವ ಅಣ್ಣನನ್ನೋ ಅಕ್ಕನನ್ನೋ ಒಂದು ಮಾತು ಕೇಳಬೇಕು. ಹಾದಿ ತೋರಿಸದವರು ಈ ಸೀಮೆಯಲ್ಲಿ ಇಲ್ಲ. ಕುರಿಮಂದೆ ಎದುರಾದರೆ ನಿಂತುಬಿಡಿ. ತಿಂದ ಪೊಟ್ಟಣ ವಾಪಸ್ ಚೀಲಕ್ಕೇ ಹೋಗಲಿ.

ನಕಾಶೆಯ ಚುಕ್ಕಿ ಗೆರೆ

ಈ ಹಾದಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೋದ ಮಳೆಗಾಲದಲ್ಲಿ ಹಾಯ್ದ ಬಂಡಿದಾರಿಗೆ ಈ ಮಳೆಗಾಲದಲ್ಲಿ ಕಾಂಪೌಂಡು ಎದ್ದಿರುತ್ತದೆ. ಹಳ್ಳದ ಮೇಲೆ ಸೈಟಿನ ಕಲ್ಲು ನೆಟ್ಟಿರುತ್ತದೆ. ಇದನ್ನು ಬೆಳವಣಿಗೆ ಎಂದು ಒಪ್ಪಿಕೊಂಡು ಬೇರೆ ದಾರಿ ಹುಡುಕುವುದು ಸುಲಭ. ನನಗೆ ಹಾಗೆ ಮಾಡುವುದು ಸರಿ ಕಾಣುವುದಿಲ್ಲ.

ಕಂದಾಯ ಇಲಾಖೆಯ ಪ್ರತಿ ಗ್ರಾಮ ನಕಾಶೆಯಲ್ಲೂ ಈ ಹಾದಿಗಳಿಗೆ ಜಾಗವಿದೆ. ಒಂಟಿ ಚುಕ್ಕಿ ಗೆರೆಯಾದರೆ ಕಾಲುದಾರಿ, ಜೋಡಿ ಚುಕ್ಕಿ ಗೆರೆಯಾದರೆ ಬಂಡಿದಾರಿ. ದಾರಿ, ಹಳ್ಳ, ಕೆರೆಗಳಿಗೆಂದು ಬಿಟ್ಟ ನೆಲ 'ಬಿ ಖರಾಬು'. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರಿಗೂ ಸೇರಿದ್ದು. ಸರ್ಕಾರದ 'ದಿಶಾಂಕ್' ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಬರುತ್ತದೆ. ಹಳ್ಳಿಗನೊಬ್ಬ ದಾರಿ ಒತ್ತುವರಿಯಾಗಿದೆ ಎಂದು ತಹಶೀಲ್ದಾರರ ಕಚೇರಿಗೆ ಅಲೆದು ಸುಸ್ತಾಗುವುದು ನಡೆದೇ ಇದೆ. ಪ್ರತಿ ವಾರ ಅದೇ ದಾರಿಯಲ್ಲಿ ಸೈಕಲ್ ತುಳಿದು, ಫೋನಿನಲ್ಲಿ ಜಾಡು ಗುರುತಿಸಿಕೊಂಡ ನೂರು ಮಂದಿ ಅವನ ಜೊತೆ ಸಹಿ ಹಾಕಿದರೆ ಆ ಅರ್ಜಿಯ ತೂಕವೇ ಬೇರೆ. ಈ ಕಣಿವೆಯೂ ಸೇರಿದ ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಕಾಪಾಡಲು 2003ರಲ್ಲೇ ಸರ್ಕಾರಿ ಆದೇಶವಾಗಿತ್ತು. ಆದೇಶ ನೆಲದ ಮೇಲೆ ಎಷ್ಟು ಉಳಿದಿದೆ ಎಂದು ನೋಡಲು ನೆಲದ ಮೇಲೆ ಓಡಾಡುವವರೇ ಬೇಕು.

ಹಾಗಾಗಿ ಉತ್ತರ ಬೆಂಗಳೂರಿನ ಸೈಕಲ್ ಗುಂಪುಗಳು ಒಂದು ಕೆಲಸ ಕೈಗೆತ್ತಿಕೊಳ್ಳಬಹುದು. ಹೆಸರಘಟ್ಟದಿಂದ ನಂದಿಯವರೆಗಿನ ಗ್ರಾಮ ನಕಾಶೆಗಳನ್ನು ಒಟ್ಟುಗೂಡಿಸಿ, ಬಂಡಿದಾರಿಗಳನ್ನು ಒಂದೊಂದಾಗಿ ತುಳಿದು, ಎಲ್ಲೆಲ್ಲಿ ತೆರೆದಿದೆ, ಎಲ್ಲೆಲ್ಲಿ ಮುಚ್ಚಿದೆ ಎಂದು ಗುರುತಿಸಿ ಆಯಾ ಗ್ರಾಮ ಪಂಚಾಯಿತಿಗೆ ಕೊಡಬೇಕು. ಪಂಚಾಯಿತಿಗಳು ದಾರಿಯ ಎರಡೂ ಬದಿಗೆ ಹೊಂಗೆ, ಬೇವು, ಹುಣಸೆ ನೆಟ್ಟು, ಕವಲುಗಳಲ್ಲಿ ಊರ ಹೆಸರಿನ ಕಲ್ಲು ನಿಲ್ಲಿಸಿದರೆ ಅರ್ಕಾವತಿ ಕಣಿವೆಗೆ ಒಂದು ಹಾದಿಯ ಜಾಲ ಸಿಗುತ್ತದೆ. ರೈತನ ಟ್ರ್ಯಾಕ್ಟರು, ಶಾಲೆಯ ಮಕ್ಕಳು, ಕುರಿಮಂದೆ, ಸೈಕಲ್ ಸವಾರ ಎಲ್ಲರೂ ಹಂಚಿಕೊಳ್ಳುವ ಜಾಲ. ಬಂಡಿದಾರಿ ಉಳಿದ ಕಡೆ ಅದರ ಪಕ್ಕದ ರಾಜಕಾಲುವೆಯನ್ನು ಮುಚ್ಚುವುದು ಕಷ್ಟ, ಕಾಲುವೆ ಉಳಿದ ಕಡೆ ಕೆರೆಗೆ ನೀರು ಬರುವುದು ಸುಲಭ. ನದಿಯನ್ನು ಒಮ್ಮೆಲೇ ಹರಿಸುವ ಶಕ್ತಿ ನಮ್ಮ ಯಾರ ಕೈಯಲ್ಲೂ ಇಲ್ಲ. ಅದು ಹರಿಯಬೇಕಾದ ಜಾಗವನ್ನು ಬಿಟ್ಟುಕೊಡದಿರುವ ಶಕ್ತಿ ನಮ್ಮಲ್ಲಿದೆ, ಮುಂದಿನ ಭಾನುವಾರದಿಂದಲೇ ಅದನ್ನು ಬಳಸಬಹುದು.